ಮೊದಲು ಬಂದವರೆಲ್ಲ ಮುಂದಾಳುಗಳೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮದ್ದೂರು, ಮಳವಳ್ಳಿ ಕಡೆಯ ರಸ್ತೆಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಶಾಲೆಗೆ ಮೊದಲು ಬಂದವರು, ತಾಲ್ಲೂಕಿಗೆ ಮೊದಲು ಬಂದವರು, 625ಕ್ಕೆ ಇಷ್ಟು ಅಂಕ ತೆಗೆದವರು. ಅಭಿನಂದನೆಯ ಸಾಲಿನಲ್ಲಿ ‘ನಾಳಿನ ನಾಯಕರು’ ಎಂಬ ಮಾತು ಇದ್ದರೂ ಇರುತ್ತದೆ. ಆ ಮಕ್ಕಳ ದುಡಿಮೆಯನ್ನು ಮೆಚ್ಚಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಕಪಟ್ಟಿಯ ತುದಿಯಲ್ಲಿ ನಿಂತವರು ಊರಿನ ಮುಂದಾಳುಗಳೂ ಆಗುತ್ತಾರೆ ಎಂಬ ನಂಬಿಕೆ ಎಲ್ಲಿಂದ ಬಂತು? ನಮ್ಮ ಶಾಲೆ, ಕಾಲೇಜು, ಯುವಜನ ಶಿಬಿರಗಳೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿವೆ. ನೂರು ಮಕ್ಕಳನ್ನು ಓಡಿಸು, ಮುಂದೆ ಬಂದವನ ಕೈಗೆ ಬಾವುಟ ಕೊಡು ಎನ್ನುವುದೇ ನಾಯಕತ್ವದ ತರಬೇತಿ ಎನಿಸಿಕೊಂಡಿದೆ. ಸ್ಪರ್ಧೆಯಿಂದ ಯಾರು ಚುರುಕು ಎಂಬುದು ಗೊತ್ತಾಗುತ್ತದೆ, ನಿಜ. ಆದರೆ ಆ ಚುರುಕು ಹತ್ತು ಜನರಿಗೆ ಒದಗುವಂತೆ ಮಾಡುವುದನ್ನು ಸ್ಪರ್ಧೆ ಕಲಿಸುವುದಿಲ್ಲ. ಅದನ್ನು ಕಲಿಯಬೇಕಾದರೆ ಹತ್ತು ಜನರ ಜೊತೆ ಕೂಡಿ ಕೆಲಸ ಮಾಡಬೇಕು, ಅವರ ನಡುವೆಯೇ ಜಗಳವಾಡಬೇಕು, ಆ ಜಗಳವನ್ನು ತಾವೇ ಬಗೆಹರಿಸಿಕೊಳ್ಳಬೇಕು.

ಶಿವನಸಮುದ್ರದ ಸಮೀಪದ ಬೆಳಕವಾಡಿಯಂಥ ಊರಿನಲ್ಲಿ ಮುಂದಾಳು ಎನಿಸಿಕೊಂಡವರ ಪಾಲಿಗೆ ಬರುವ ಕೆಲಸ ಏನೆಂದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಡೇರಿಯಲ್ಲಿ ಹಾಲಿನ ಡಿಗ್ರಿ ಸರಿಯಾಗಿ ಬರೆಯಲಿಲ್ಲ ಎಂದು ಒಬ್ಬರು ದೂರುತ್ತಾರೆ, ಬರೆದವರು ಬೀದಿಯ ಆ ತುದಿಯವರು. ಹಬ್ಬದ ಲೆಕ್ಕ ಒಪ್ಪಿಸಬೇಕು. ಪಂಚಾಯಿತಿಗೆ ಬಂದ ಹಣದಲ್ಲಿ ಮೊದಲು ಯಾವ ಬೀದಿಯ ಚರಂಡಿ ಎಂದು ತೀರ್ಮಾನಿಸಬೇಕು. ನಾಲೆಯ ನೀರು ಯಾರ ಗದ್ದೆಗೆ ಯಾವಾಗ ಬರುತ್ತದೆ ಎಂಬುದನ್ನು ಗೊತ್ತು ಮಾಡಬೇಕು. ಈ ಯಾವುದರಲ್ಲೂ ಸೋತವರು ಊರು ಬಿಟ್ಟು ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ಡೇರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಂತಿರುತ್ತಾರೆ. ಪರೀಕ್ಷೆಯಲ್ಲಿ ಎರಡನೆಯವನನ್ನು ಹಿಂದಿಕ್ಕಿದವನು ಅವನನ್ನು ಮತ್ತೆ ನೋಡದೆ ಇರಬಹುದು, ಊರಿನಲ್ಲಿ ಹಾಗಾಗದು. ಇಲ್ಲಿ ಗೆದ್ದವನು ಸೋತವನ ಸಹಾಯವಿಲ್ಲದೆ ಒಂದು ಕಾಲುವೆಯ ಹೂಳನ್ನೂ ತೆಗೆಸಲಾರ.

ನಾಲೆಯ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲಬಹುದು. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ, ಅಂದಿನ ಹೆಸರಿನಲ್ಲಿ ಇರ್ವಿನ್ ನಾಲೆ, 1930ರ ದಶಕದಲ್ಲಿ ಮಂಡ್ಯದ ನೆಲದ ರೂಪವನ್ನೇ ಬದಲಿಸಿತು. ಆದರೆ ಮದ್ದೂರು, ಮಳವಳ್ಳಿಯ ಅನೇಕ ರೈತರು ನಾಲೆಯ ಕೊನೆಭಾಗದವರು. ಮೇಲಿನವರು ತೂಬು ಎತ್ತಿಕೊಂಡರೆ ಕೆಳಗಿನವರ ಭತ್ತ ಒಣಗುತ್ತದೆ. ಇಲ್ಲಿ ಪ್ರತಿಯೊಬ್ಬನೂ ತನ್ನ ಹೊಲಕ್ಕಾಗಿ ಜಾಣತನದಿಂದ ಪೈಪೋಟಿ ನಡೆಸಿದಷ್ಟೂ ಒಟ್ಟು ಬೆಳೆ ಕಡಿಮೆಯಾಗುತ್ತದೆ. ಜಗತ್ತಿನ ಹಲವೆಡೆ ನೀರು, ಕಾಡು, ಮೀನುಗಾರಿಕೆಯನ್ನು ಜನರು ಕೂಡಿ ನಿಭಾಯಿಸಿದ ಬಗೆಯನ್ನು ದಶಕಗಟ್ಟಲೆ ಪರಿಶೀಲಿಸಿದ ಎಲಿನಾರ್ ಆಸ್ಟ್ರಮ್, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಅವರು ಕಂಡದ್ದು ಇದು: ನಿಯಮಗಳನ್ನು ಬಳಕೆದಾರರೇ ಮಾಡಿಕೊಂಡಿದ್ದರು, ಮೀರಿದವರನ್ನು ತಾವೇ ಗಮನಿಸುತ್ತಿದ್ದರು, ಜಗಳ ತೀರಿಸಲು ಹತ್ತಿರದಲ್ಲೇ ಒಂದು ಜಾಗವಿತ್ತು. ನಮ್ಮ ಕೆರೆ ಬಯಲಿನ ನೀರುಗಂಟಿ ಮಾಡುತ್ತಿದ್ದದ್ದೂ ಇದೇ. ಅವನಿಗೆ ಗದ್ದೆ ಗದ್ದೆಯ ಸರದಿ ಗೊತ್ತಿತ್ತು. ಅವನ ಮಾತು ನಡೆಯುತ್ತಿದ್ದದ್ದು ಅವನು ಯಾರನ್ನೋ ಸೋಲಿಸಿ ಬಂದ ಎಂಬುದರಿಂದಲ್ಲ, ಸರದಿ ತಪ್ಪಿಸುವುದಿಲ್ಲ ಎಂಬ ನಂಬಿಕೆಯಿಂದ.

ನಾಯಕತ್ವದ ಬಗೆಗೆ ತಕ್ಕಂತೆ ಮಕ್ಕಳ ಗುಂಪಿನ ನಡವಳಿಕೆ ಹೇಗೆ ಬದಲಾಗುತ್ತದೆ ಎಂದು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿದ್ದಾರೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಹತ್ತರ ಪ್ರಾಯದ ಹುಡುಗರ ಸಣ್ಣ ಸಣ್ಣ ತಂಡ ಕಟ್ಟಿ ಮುಖವಾಡ ತಯಾರಿಯಂಥ ಕೆಲಸ ಕೊಟ್ಟರು. ಒಂದು ಬಗೆಯ ತಂಡದಲ್ಲಿ ದೊಡ್ಡವರು ಎಲ್ಲವನ್ನೂ ತಾವೇ ಅಪ್ಪಣೆ ಮಾಡುತ್ತಿದ್ದರು. ಇನ್ನೊಂದು ಬಗೆಯದರಲ್ಲಿ ಹುಡುಗರೇ ಚರ್ಚಿಸಿ ಕೆಲಸ ಹಂಚಿಕೊಳ್ಳುತ್ತಿದ್ದರು. ದೊಡ್ಡವರು ಎದುರಿಗೆ ಇದ್ದಾಗ ಅಪ್ಪಣೆಯ ತಂಡಗಳಲ್ಲಿ ಕೆಲಸ ಹೆಚ್ಚೇ ಆಯಿತು, ಇದನ್ನು ಮುಚ್ಚಿಡಬೇಕಿಲ್ಲ. ಅವರು ಕೋಣೆಯಿಂದ ಹೊರಗೆ ಹೋದಾಗ ನಡೆದದ್ದು ಗಮನಿಸಬೇಕಾದದ್ದು: ಅಪ್ಪಣೆಯ ತಂಡಗಳು ಕೈಬಿಟ್ಟು ಕುಳಿತವು, ಚರ್ಚಿಸುತ್ತಿದ್ದ ತಂಡಗಳು ಹೆಚ್ಚುಕಡಿಮೆ ಮೊದಲಿನ ಹಾಗೆಯೇ ಕೆಲಸ ಮುಂದುವರಿಸಿದವು. ನಾಯಕತ್ವವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆ ನನಗಂತೂ ತೋಚುವುದಿಲ್ಲ. ಮುಂದಾಳು ಬದಿಗೆ ಸರಿದಾಗ ಕೆಲಸ ನಿಲ್ಲುತ್ತದೆಯೇ, ನಡೆಯುತ್ತದೆಯೇ? ಸ್ಪರ್ಧೆಯಿಂದ ಮೇಲೆ ಬಂದ ನಾಯಕನ ಹಿಂದೆ ಇರುವುದು ಅವನಿಂದ ಸೋತವರ ಸಾಲು. ಎರಡನೆಯವನು ಅವನ ಉತ್ತರಾಧಿಕಾರಿಯಲ್ಲ, ಎದುರಾಳಿ. ಅವನು ಬಿದ್ದ ದಿನ ಎತ್ತಿ ಹಿಡಿಯುವವರಿರುವುದಿಲ್ಲ.

ಈ ಅಳತೆಯಲ್ಲಿ ಗೆದ್ದ ಒಂದು ಪ್ರಸಂಗ ಮದ್ದೂರಿನ ಬಗಲಲ್ಲೇ ನಡೆದಿದೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ತ್ರಿವರ್ಣ ಧ್ವಜ ಹಾರಿಸಕೂಡದು ಎಂದು ಸಂಸ್ಥಾನದ ಸರ್ಕಾರ ನಿಷೇಧ ಹೇರಿತ್ತು. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಏರಿತು, ನಾಯಕರ ಬಂಧನವಾಯಿತು. ಮದ್ದೂರಿನ ಎಚ್.ಕೆ. ವೀರಣ್ಣಗೌಡರಂಥ ಸ್ಥಳೀಯರು ಸಾವಿರಾರು ಹಳ್ಳಿಗರನ್ನು ಅಲ್ಲಿ ಕೂಡಿಸಿದ್ದರು. ಒಬ್ಬರನ್ನು ಹಿಡಿದೊಯ್ದರೆ ಮುಂದಿನವರು ಆ ಜಾಗಕ್ಕೆ ಬರಬೇಕು ಎಂಬುದು ಸತ್ಯಾಗ್ರಹದ ಕಟ್ಟಳೆ. ಮುಂದಿನವರು ಸಿದ್ಧವಾಗಿಲ್ಲದ ಚಳವಳಿ ಒಂದೇ ದಿನಕ್ಕೆ ಮುಗಿಯುತ್ತದೆ. ಶಿವಪುರದ್ದು ಮುಗಿಯಲಿಲ್ಲ, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದ ಮೇಲೂ ಚಳವಳಿ ಹಬ್ಬಿತು, ಕೊನೆಗೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತನಾಡಿ ಧ್ವಜದ ಪ್ರಶ್ನೆ ಇತ್ಯರ್ಥವಾಯಿತು. ಈ ಬಗೆಯ ಸಿದ್ಧತೆಗೆ ಅದಕ್ಕೂ ಹದಿನೈದು ವರ್ಷ ಹಿಂದೆ ಹುಬ್ಬಳ್ಳಿಯಲ್ಲಿ ಒಬ್ಬ ವೈದ್ಯರು ಅಡಿಪಾಯ ಹಾಕಿದ್ದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಹಲವರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದಾಗ ಹುಬ್ಬಳ್ಳಿಯ ಸ್ವಯಂಸೇವಕರು ಒಪ್ಪಲಿಲ್ಲ. ಅವರನ್ನು ತಯಾರು ಮಾಡಿದ್ದವರು ಡಾ. ನಾ.ಸು. ಹರ್ಡೀಕರ್. ಆ ವರ್ಷದ ಕೊನೆಯಲ್ಲಿ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದ ವ್ಯವಸ್ಥೆಯಲ್ಲಿ ಆ ದಳದ ಹರೆಯದವರು ದುಡಿದರು. ಕವಾಯತು, ಪಹರೆ, ನೈರ್ಮಲ್ಯ ಎಲ್ಲವೂ ತಂಡದ ಕೆಲಸ. ಅದರಲ್ಲಿ ಪದಕಕ್ಕೆ ಅಷ್ಟು ಜಾಗವಿರಲಿಲ್ಲ. ಇಂದಿಗೂ ನಮ್ಮ ಅನೇಕ ಶಾಲೆಗಳಲ್ಲಿ ಭಾರತ ಸೇವಾದಳದ ಘಟಕಗಳಿವೆ; ಆಗಸ್ಟ್ 15ರ ಕವಾಯತಿನಾಚೆಗೆ ಅವುಗಳಿಗೆ ಯಾವ ಕೆಲಸ ಉಳಿದಿದೆ ಎಂಬುದು ಬೇರೆ ಪ್ರಶ್ನೆ.

ಇವತ್ತಿನ ಶಾಲೆ ಏನು ಮಾಡುತ್ತಿದೆ? ಕ್ಲಾಸ್ ಲೀಡರ್ ಎಂಬ ಹುದ್ದೆಯನ್ನೇ ನೋಡಿ. ಹೆಚ್ಚು ಅಂಕ ತೆಗೆದವರಿಗೋ ಮೇಷ್ಟ್ರಿಗೆ ಹತ್ತಿರದವರಿಗೋ ಅದು ಸಿಗುತ್ತದೆ. ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಕೆಲಸ. ಅಂದರೆ ಮಗು ತನ್ನ ಜೀವನದಲ್ಲಿ ಪಡೆಯುವ ಮೊದಲ ಅಧಿಕಾರ ಸಂಗಡಿಗರ ಮೇಲೆ ದೂರು ಹೇಳುವ ಅಧಿಕಾರ. ಲೆವಿನ್ನನ ಹುಡುಗರ ಕತೆ ಗೊತ್ತಿದ್ದವರಿಗೆ ಇದರ ಫಲ ಊಹಿಸುವುದು ಕಷ್ಟವಲ್ಲ. ಶಾಲಾ ಸಂಸತ್ತು ಇದಕ್ಕಿಂತ ಎಷ್ಟೋ ಮೇಲು: ಮಕ್ಕಳು ನಾಮಪತ್ರ ಹಾಕಿ, ಮತ ಹಾಕಿ, ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಪ್ರಧಾನಮಂತ್ರಿ, ಆರೋಗ್ಯಮಂತ್ರಿ, ತೋಟದ ಮಂತ್ರಿಯನ್ನು ಆರಿಸುತ್ತಾರೆ. ಆದರೆ ಎಷ್ಟೋ ಕಡೆ ಚುನಾವಣೆಯ ದಿನವೇ ಸಂಸತ್ತಿನ ಕೊನೆಯ ದಿನವೂ ಆಗಿಬಿಡುತ್ತದೆ. ಗೆಲ್ಲುವ ಆಟ ಮಾತ್ರ ಆಡಿಸಿ, ಗೆದ್ದ ಮೇಲಿನ ಕೆಲಸವನ್ನು ದೊಡ್ಡವರೇ ಇಟ್ಟುಕೊಂಡರೆ ಮಗು ಕಲಿಯುವುದು ನಾಯಕತ್ವ ಎಂದರೆ ಗೆಲ್ಲುವುದು ಎಂದೇ. ದೊಡ್ಡವರ ರಾಜಕಾರಣವನ್ನು ನೋಡಿ ಅದು ಆ ಪಾಠವನ್ನು ಮತ್ತಷ್ಟು ಗಟ್ಟಿ ಮಾಡಿಕೊಳ್ಳುತ್ತದೆ.

ಬೇರೆ ದಾರಿಗಳು ಕರ್ನಾಟಕದಲ್ಲೇ ಹುಟ್ಟಿವೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ನಲಿ–ಕಲಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಗುಂಪಾಗಿ ನೆಲದ ಮೇಲೆ ಕುಳಿತು ತಮ್ಮ ತಮ್ಮ ಮೆಟ್ಟಿಲಿನಲ್ಲಿ ಕಲಿಯುತ್ತಾರೆ, ಮುಂದೆ ಹೋದ ಮಗು ಹಿಂದಿನದಕ್ಕೆ ಹೇಳಿಕೊಡುತ್ತದೆ. ಒಂದರಿಂದ ಮೂರನೇ ತರಗತಿಯವರೆಗೆ ಹೀಗೆ ಬೆಳೆದ ಮಗುವನ್ನು ನಾಲ್ಕನೇ ತರಗತಿಯಿಂದ ಸಾಲು ಬೆಂಚಿಗೆ ಕೂರಿಸಿ ‘ಪಕ್ಕದವರದು ನೋಡಬೇಡ’ ಎನ್ನುತ್ತೇವೆ. ಇದಕ್ಕಿಂತ ಧೈರ್ಯದ ಪ್ರಯೋಗ ಅದೇ 1995ರಲ್ಲಿ ಕುಂದಾಪುರದ ಕಡೆ ನಡೆಯಿತು. ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಅದರ ಬೆನ್ನಿಗಿದ್ದ ಸಂಸ್ಥೆ ಕೆರಾಡಿ ಮೊದಲಾದ ಪಂಚಾಯಿತಿಗಳಲ್ಲಿ ಮಕ್ಕಳ ಪಂಚಾಯಿತಿ ಕಟ್ಟಿದವು. ಅಲ್ಲಿ ಚುನಾವಣೆಯೂ ಇತ್ತು, ಹೆಣ್ಣುಮಕ್ಕಳಿಗೆ, ದುಡಿಯುವ ಮಕ್ಕಳಿಗೆ ಮೀಸಲಾತಿಯೂ ಇತ್ತು. ಗೆದ್ದವರು ಮಾಡಿದ್ದು ಭಾಷಣವಲ್ಲ. ಮಕ್ಕಳು ಸೇರಿ ತಮ್ಮ ಊರಿನ ಮಾಹಿತಿ ಕಲೆಹಾಕಿ, ಶಾಲೆಯ ದಾರಿ, ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಮುಂತಾದ ಬೇಡಿಕೆಗಳನ್ನು ದೊಡ್ಡವರ ಪಂಚಾಯಿತಿಯ ಮುಂದೆ ಲೆಕ್ಕ ಸಮೇತ ಇಟ್ಟರು. ಲೆಕ್ಕ ಇದ್ದದ್ದರಿಂದ ‘ಮಕ್ಕಳ ಮಾತು’ ಎಂದು ತಳ್ಳಿಹಾಕುವುದು ಸುಲಭವಾಗಲಿಲ್ಲ. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯ ಹಿಂದೆ ಇಂಥ ಅನುಭವದ ಬಲವಿದೆ.

‘ಇದೆಲ್ಲ ಕೇಳಲು ಚೆಂದ, ಆದರೆ ಜಗತ್ತು ನಡೆಯುವುದು ಪೈಪೋಟಿಯ ಮೇಲೆ, ನೀಟ್, ಸಿಇಟಿ, ಕೆಪಿಎಸ್‌ಸಿ ಎದುರಿಸಬೇಕಾದ ಮಗುವಿಗೆ ಸಹಕಾರದ ಪಾಠ ಹೇಳಿ ಹಿಂದೆ ಹಾಕಬೇಡಿ’ ಎಂದು ತಂದೆತಾಯಂದಿರು ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ಸೀಟು ನೂರಿದ್ದು ಕೇಳುವವರು ಸಾವಿರವಿದ್ದಾಗ ಸ್ಪರ್ಧಾ ಪರೀಕ್ಷೆಗಿಂತ ನ್ಯಾಯವಾದ ದಾರಿ ಸದ್ಯಕ್ಕಿಲ್ಲ; ಶಿಫಾರಸು, ಜಾತಿ, ದುಡ್ಡಿನ ದಾರಿಗಿಂತ ಅದು ಸಾವಿರ ಪಾಲು ಮೇಲು. ಮಳವಳ್ಳಿಯ ಕೂಲಿಯವರ ಮಗಳು ವೈದ್ಯೆಯಾಗುವುದು ಆ ಬಾಗಿಲಿನಿಂದಲೇ. ಆದರೆ ಬಾಗಿಲು ದಾಟಿದ ಮೇಲಿನದನ್ನೂ ನೋಡಬೇಕು. ದೇಶದ ಅತಿ ಕಠಿಣ ಪರೀಕ್ಷೆಯೊಂದನ್ನು ಗೆದ್ದು ಐಎಎಸ್ ಸೇರಿದವರನ್ನು ಮಸ್ಸೂರಿಯ ಅಕಾಡೆಮಿ ಮೊದಲಿಗೆ ಹಿಮಾಲಯದ ಚಾರಣಕ್ಕೆ ತಂಡವಾಗಿ ಕಳಿಸುತ್ತದೆ, ಹಳ್ಳಿಯಲ್ಲಿ ಕೂಡಿ ಇರಿಸುತ್ತದೆ. ಪರೀಕ್ಷೆ ಅವರನ್ನು ಆಯ್ದು ಕೊಟ್ಟಿತು. ಆಡಳಿತಗಾರರನ್ನಾಗಿ ಮಾಡಲು ಬೇರೆಯೇ ಪಾಠ ಬೇಕೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆ ಪಾಠ ಇಪ್ಪತ್ತೈದನೇ ವಯಸ್ಸಿನವರೆಗೆ, ಅದೂ ಆಯ್ಕೆಯಾದ ಕೆಲವರಿಗಾಗಿ ಮಾತ್ರ ಏಕೆ ಕಾಯಬೇಕು?

ಎರಡನೇ ಆಕ್ಷೇಪ ಆಟದ ಮೈದಾನದಿಂದ ಬರುತ್ತದೆ. ಕಬಡ್ಡಿ, ಖೋಖೋದಲ್ಲಿ ತಂಡದೊಳಗಿನ ಒಗ್ಗಟ್ಟು ಹುಟ್ಟುವುದೇ ಎದುರು ತಂಡ ಇರುವುದರಿಂದ ಅಲ್ಲವೇ? ಹೌದು, ಎದುರಾಳಿ ಇದ್ದರೆ ಒಗ್ಗಟ್ಟು ಬೇಗ ಬರುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇದೆ. 1954ರಲ್ಲಿ ಮುಜಾಫರ್ ಶೆರಿಫ್ ಓಕ್ಲಹೋಮಾದ ಶಿಬಿರವೊಂದಕ್ಕೆ ಹನ್ನೊಂದರ ಪ್ರಾಯದ 22 ಹುಡುಗರನ್ನು ಕರೆದೊಯ್ದು ಎರಡು ತಂಡ ಮಾಡಿ ಬಹುಮಾನದ ಪಂದ್ಯಗಳನ್ನು ಇಟ್ಟರು. ಕೆಲವೇ ದಿನಗಳಲ್ಲಿ ಬಾವುಟ ಸುಡುವುದು, ಕೋಣೆಗೆ ನುಗ್ಗುವುದು ಶುರುವಾಯಿತು. ಜೊತೆಯಲ್ಲಿ ಕೂರಿಸಿ ಊಟ ಹಾಕಿದರೆ ಅನ್ನವೇ ಆಯುಧವಾಯಿತು. ಜಗಳ ಇಳಿದದ್ದು ಕುಡಿಯುವ ನೀರಿನ ವ್ಯವಸ್ಥೆ ಕೆಟ್ಟು ಇಬ್ಬರೂ ಕೂಡಿ ಹುಡುಕಬೇಕಾಗಿ ಬಂದಾಗ, ಊಟ ತರಬೇಕಾದ ಟ್ರಕ್ ನಿಂತುಹೋಗಿ ಎಲ್ಲರೂ ಒಂದೇ ಹಗ್ಗ ಹಿಡಿದು ಎಳೆಯಬೇಕಾದಾಗ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಸಂಗತಿಯೂ ಇದೆ. ಹಿಂದಿನ ವರ್ಷವೇ ಶೆರಿಫ್ ನ್ಯೂಯಾರ್ಕ್ ರಾಜ್ಯದಲ್ಲಿ ಇದೇ ಪ್ರಯೋಗಕ್ಕೆ ಕೈಹಾಕಿ ಸೋತಿದ್ದರು: ತಂಡ ಮಾಡುವ ಮೊದಲೇ ಆ ಹುಡುಗರಿಗೆ ಪರಸ್ಪರ ಗೆಳೆತನವಾಗಿತ್ತು, ಎಷ್ಟು ಚಿತಾವಣೆ ಮಾಡಿದರೂ ಅವರು ಹೊಡೆದಾಡಲಿಲ್ಲ. ಪಂದ್ಯ ಕೆಟ್ಟದ್ದು ಎಂದು ಇದರಿಂದ ಹೇಳಲಾಗದು. ಗೆಳೆತನ ಮೊದಲು ಬಂದು ಪಂದ್ಯ ಆಮೇಲೆ ಬಂದರೆ ಪಂದ್ಯ ಆಟವಾಗಿಯೇ ಉಳಿಯುತ್ತದೆ ಎನ್ನಬಹುದು. ಪ್ರತಿಭಾ ಕಾರಂಜಿಯಂಥ ಸ್ಪರ್ಧೆ ಹಳ್ಳಿಯ ಮಕ್ಕಳಿಗೆ ವೇದಿಕೆ ಕೊಟ್ಟಿದೆ, ಅದು ಇರಲಿ; ಮಕ್ಕಳಿಗಿಂತ ಹೆಚ್ಚಾಗಿ ಶಾಲೆಗಳೂ ಪೋಷಕರೂ ತೀರ್ಪುಗಾರರ ಜೊತೆ ಜಗಳಕ್ಕೆ ನಿಲ್ಲದಿದ್ದರೆ ಸಾಕು.

ಮೈಗಳ್ಳರ ಪ್ರಶ್ನೆ ಮೂರನೆಯದು: ಗುಂಪಿನ ಕೆಲಸ ಎಂದರೆ ಇಬ್ಬರು ದುಡಿದು ಎಂಟು ಜನ ಹೆಸರು ಪಡೆಯುವುದು ತಾನೆ? ಕಾಲೇಜಿನ ಪ್ರಾಜೆಕ್ಟುಗಳನ್ನು ಬಲ್ಲವರು ಇಲ್ಲವೆನ್ನಲಾರರು. ಗುಂಪು ಕಲಿಕೆಯ ಬಗ್ಗೆ ಬಹಳ ಕೆಲಸ ಮಾಡಿದ ರಾಬರ್ಟ್ ಸ್ಲಾವಿನ್ ಕಂಡುಕೊಂಡದ್ದೂ ಇದನ್ನೇ. ಸುಮ್ಮನೆ ಗುಂಪು ಮಾಡಿ ಕೂರಿಸಿದರೆ ಲಾಭವಿಲ್ಲ; ಗುರಿ ಇಡೀ ಗುಂಪಿನದಾಗಿರಬೇಕು, ಪ್ರತಿಯೊಬ್ಬರ ಪಾಲಿನ ಲೆಕ್ಕವೂ ಬೇರೆಬೇರೆಯಾಗಿ ಕಾಣಬೇಕು. ನಮ್ಮ ಹಳ್ಳಿಗಳಿಗೆ ಇದು ಹೊಸದೇನಲ್ಲ. ಮುಯ್ಯಾಳು ಪದ್ಧತಿಯಲ್ಲಿ ಇಂದು ನಿಮ್ಮ ಗದ್ದೆಯ ನಾಟಿಗೆ ಬಂದವರ ಗದ್ದೆಗೆ ನಾಳೆ ನೀವು ಹೋಗಲೇಬೇಕು. ಯಾರು ಯಾರಿಗೆ ಎಷ್ಟು ಆಳು ಬಾಕಿ ಎಂಬುದು ಪುಸ್ತಕದಲ್ಲಿ ಬರೆಯದಿದ್ದರೂ ಎಲ್ಲರಿಗೂ ನೆನಪಿರುತ್ತದೆ. ಸಹಕಾರ ಎಂದರೆ ಧಾರಾಳತನ ಎಂದು ತಿಳಿದವರು ಮುಯ್ಯಿಯ ಲೆಕ್ಕ ತಪ್ಪಿದ ಮನೆಯ ಪಾಡನ್ನು ನೋಡಿಲ್ಲ ಎನ್ನಬೇಕು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೂ ಉಳಿದಿದೆ, ಅದನ್ನು ನಾನು ಬಹುಪಾಲು ಒಪ್ಪುತ್ತೇನೆ. ಊರೊಟ್ಟಿನ ತೀರ್ಮಾನ ಎನ್ನುವುದು ಎಷ್ಟೋ ಸಲ ಬಲಾಢ್ಯರ ತೀರ್ಮಾನ. 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ರಾಜ್ಯದ ಕೆಲವೆಡೆ ಸದಸ್ಯ ಸ್ಥಾನಗಳನ್ನು ದೇವಸ್ಥಾನದ ಹಣಕ್ಕೆ, ಊರಿನ ಕೆಲಸಕ್ಕೆ ಎಂದು ಹರಾಜು ಹಾಕಿ ‘ಅವಿರೋಧ ಆಯ್ಕೆ’ ಎಂದು ಕರೆದದ್ದು ಸುದ್ದಿಯಾಯಿತು. ಅಲ್ಲಿ ವಿರೋಧ ಇರಲಿಲ್ಲ ಎಂದಲ್ಲ, ವಿರೋಧಿಸುವ ಧೈರ್ಯ ಯಾರಿಗೂ ಉಳಿದಿರಲಿಲ್ಲ. ಕೇರಿಯವರು, ಹೆಂಗಸರು, ಹರೆಯದವರು ಬಾಯಿ ಮುಚ್ಚಿದ್ದರೆ ಅದನ್ನು ಸಹಕಾರ ಎನ್ನಲಾಗದು. ಸಹಕಾರ ಸಂಸ್ಥೆಗಳೂ ಪುಣ್ಯಕ್ಷೇತ್ರಗಳಲ್ಲ. 2021ರಲ್ಲಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಮಂಡ್ಯ ಹಾಲು ಒಕ್ಕೂಟಕ್ಕೆ (ಮನ್‌ಮುಲ್) ಬರುತ್ತಿದ್ದ ಟ್ಯಾಂಕರ್‌ಗಳಲ್ಲಿ ನೀರು ಬೆರೆತ ಹಾಲು ಪತ್ತೆಯಾಗಿ ಜಿಲ್ಲೆಯೇ ತಲ್ಲಣಿಸಿತು. ಆದ್ದರಿಂದಲೇ ಗುಟ್ಟಿನ ಮತ, ಆಡಿಟ್, ಎದುರು ಅಭ್ಯರ್ಥಿ ಬೇಕು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದ ಉಳಿದುಬಂದ ಕ್ರಮದಲ್ಲಿ ಎಕರೆ ಎಷ್ಟಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ, ಪದಾಧಿಕಾರಿಗಳು ಚುನಾವಣೆಯಲ್ಲಿ ಗೆದ್ದೇ ಬರಬೇಕು. ಇಲ್ಲಿ ಸ್ಪರ್ಧೆ ಕಾವಲಿಗೆ ನಿಂತಿದೆ, ಗುರಿ ಮಾತ್ರ ಎಲ್ಲರದು. ಹರೆಯದವರ ತರಬೇತಿಯಲ್ಲಿ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಸ್ಪರ್ಧೆಯೇ ಗುರಿಯಾಗಿದೆ, ಸಹಕಾರ ‘ಕ್ರೀಡಾ ಮನೋಭಾವ’ ಎಂಬ ಭಾಷಣದ ಸಾಲಾಗಿ ಉಳಿದಿದೆ.

ಇದನ್ನು ಸರಿಪಡಿಸಲು ಹೊಸ ಕಾನೂನೂ ಬೇಡ, ದೊಡ್ಡ ಹಣವೂ ಬೇಡ. ಬೆಳಕವಾಡಿಯಂಥ ಊರುಗಳ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯಲ್ಲಿ ಅರ್ಜಿ ತೆಗೆದುಕೊಂಡು ಬಿಸ್ಕತ್ತು ಹಂಚಿ ಕಳಿಸುವ ಬದಲು ಒಂದು ಸಣ್ಣ ಕೆಲಸವನ್ನು, ಶಾಲೆಯ ಶೌಚಾಲಯದ ನೀರೋ ಬಸ್ ನಿಲ್ದಾಣದ ನೆರಳೋ, ಅದರ ಹಣದ ಸಮೇತ ಹೈಸ್ಕೂಲಿನ ಮಕ್ಕಳಿಗೆ ಬಿಟ್ಟುಕೊಡಲಿ. ಖರ್ಚಿನ ಲೆಕ್ಕವನ್ನು ಮುಂದಿನ ಸಭೆಯಲ್ಲಿ ಮಕ್ಕಳೇ ಓದಲಿ, ಊರು ಪ್ರಶ್ನೆ ಕೇಳಲಿ. ಹೊಣೆ ಹೊತ್ತ ಗುಂಪಿನ ಮುಂದಾಳನ್ನು ಅರ್ಧ ವರ್ಷಕ್ಕೆ ಬದಲಿಸಲಿ, ಕೆಲಸ ನಿಂತಿತೋ ನಡೆಯಿತೋ ಆಗ ಗೊತ್ತಾಗುತ್ತದೆ. ಡೇರಿಯ ವಾರ್ಷಿಕ ಸಭೆಗೆ ಆ ಮಕ್ಕಳನ್ನು ಕರೆದು ಲೆಕ್ಕಪತ್ರ ಹೇಗೆ ಓದುತ್ತಾರೆಂದು ತೋರಿಸಲಿ. ಮಕ್ಕಳು ಹಣ ಹಾಳು ಮಾಡುತ್ತಾರೆ ಎಂಬ ಹೆದರಿಕೆ ಇದ್ದರೆ, ಆ ಮೊತ್ತ ಒಂದು ಫಲಿತಾಂಶದ ಫ್ಲೆಕ್ಸ್‌ಗಳಿಗೆ ಊರು ಸುರಿಯುವುದಕ್ಕಿಂತ ಹೆಚ್ಚಿರಬೇಕಾಗಿಲ್ಲ. ಇಂದು ಹತ್ತನೇ ತರಗತಿಯಲ್ಲಿ ಕುಳಿತಿರುವ ಹುಡುಗಿ ಇನ್ನು ಮೂರು ವರ್ಷಕ್ಕೆ ಮತದಾರಳಾಗುತ್ತಾಳೆ. ಆರು ವರ್ಷಕ್ಕೆ, 21 ತುಂಬಿದ ದಿನ, ಅದೇ ಪಂಚಾಯಿತಿಗೆ ನಾಮಪತ್ರ ಹಾಕುವ ಹಕ್ಕು ಅವಳಿಗೆ ಬರುತ್ತದೆ.